ಕರ್ಪೂರ ಹಚ್ಚಿದ್ದು ನಾನು

ದೇವರಾಜ ಅರಸು ಬಡಾವಣೆಯ ನಮ್ಮ ಕಾರು ಮೆಕ್ಯಾನಿಕ್ ಬ್ಯಾಟರಿಯ ಮೇಲೆ ಬಗ್ಗುವ ಮೊದಲು ಕೊರಳ ಇಷ್ಟಲಿಂಗದ ಬೆಳ್ಳಿ ಕರಡಿಗೆಯನ್ನು ಬೆನ್ನಿಗೆ ಸರಿಸಿಕೊಳ್ಳುತ್ತಿದ್ದರು. “ಕರಿ ವೈರು ಮೊದ್ಲು ಬಿಚ್ಬೇಕು, ಕೊನಿಗೆ ಹಾಕ್ಬೇಕು” ಎಂದು ಪ್ರತಿ ಸಲವೂ ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು.

ತಿಂಗಳುಗಟ್ಟಲೆ ನಿಂತಿದ್ದ ನನ್ನ ಕಾರಿನ ಬ್ಯಾಟರಿಯನ್ನು ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಬೆಳಗಿನಿಂದ ಚಾರ್ಜಿಗೆ ಹಾಕಿದ್ದೆ. ಆದರೂ ಅದು ಚಾರ್ಜು ಹಿಡಿಯಲಿಲ್ಲ. ಅವರು ಬಂದು ಹೊಸದನ್ನು ಕೂರಿಸಿ, ಹಳೆಯದನ್ನು ನೆಲಕ್ಕಿಟ್ಟರು. ನಾನು ಪೂಜೆಗೆಂದು ಕರ್ಪೂರ ಹಚ್ಚಿದೆ.

“ಬೆಂಕಿ ಬ್ಯಾಡ್ರಿ ಯಜಮಾನ್ರೆ! ಹಳೇದ್ರಾಗೆ ಗ್ಯಾಸ್ ಐತೆ, ಹೊರಗೆ ನಡೀರಿ!”

“ಪೂಜೆ ಮಾಡ್ದೆ ಗಾಡಿ ತೆಗೀತಾರೇನಪ್ಪ? ನಿಂಗೆ ದೇವ್ರಂದ್ರೂ ಹೆದ್ರಿಕೆನಾ?” ಎಂದು ನಗುತ್ತ ತಟ್ಟೆ ಹಿಡಿದು ಬಗ್ಗಿದೆ.

ಅವರು ನನ್ನನ್ನು ಹಿಂದಕ್ಕೆ ತಳ್ಳಿದರು. ಅಷ್ಟರಲ್ಲಿ ಹಳೆಯ ಬ್ಯಾಟರಿ ಸಿಡಿಯಿತು. ಆಸಿಡ್ಡು ಅವರ ಬಲಗಣ್ಣಿಗೆ ಬಿತ್ತು.

ಓಡಿಬಂದ ನೆರೆಯವರು “ಏನಾತ್ರೀ?” ಎಂದಾಗ, ಹೆದರಿ, “ವೈರು ತಪ್ಪು ಹಾಕ್ದ” ಎಂದುಬಿಟ್ಟೆ. ನಲ್ಲಿಯ ಕೆಳಗೆ ಮುಖ ಒಡ್ಡಿದ್ದ ಅವರು ತಲೆಯೆತ್ತಿ ನನ್ನತ್ತ ನೋಡಿದರು. ಮತ್ತೆ ನಲ್ಲಿಗೆ ಮುಖ ಒಡ್ಡಿದರು. ಆಮೇಲೆ ಬಡಾವಣೆಯಲ್ಲಿ ಯಾರೂ ಅವರನ್ನು ಕೆಲಸಕ್ಕೆ ಕರೆಯಲಿಲ್ಲ.

ಕಳೆದ ವರ್ಷ ಹರಿಹರದ ಬಸ್ಸಿನಲ್ಲಿ ಅವರ ಬಲಕ್ಕೆ ಒಂದೇ ಸೀಟು ಖಾಲಿಯಿತ್ತು. ಕುರುಡಾದ ಆ ಬಲಗಣ್ಣಿಗೆ ನಾನು ಕಾಣುವುದಿಲ್ಲವೆಂದು ಕೂತೆ. ದನಿಯ ಗುರುತು ಹತ್ತೀತೆಂದು ಕಂಡಕ್ಟರಿಗೂ ಬಾಯಿಬಿಡದೆ ದುಡ್ಡು ಚಾಚಿದೆ. ಇಳಿಯುವವರೆಗೂ ಕೆಮ್ಮು ತಡೆದುಕೊಂಡೇ ಇದ್ದೆ.