ಎಚ್ಚಿಂಗ್ ಕಾಡಿನಲ್ಲೊಂದು ಹುಲಿ

ಮಳೆಗೆ ಮುಂಚೆ ಕಾಡು ಕಪ್ಪಾಗಿ ಉಸಿರು ಬಿಗಿಹಿಡಿಯುತ್ತದಲ್ಲ, ಅದನ್ನು ನಾನು ಸತುವಿನ ತಗಡಿನ ಮೇಲೆ ಸೂಜಿಯಿಂದ ಗೀರಿದ್ದೆ. ಮರಗಳ ಬುಡದ ಕತ್ತಲು ಗಾಢವಾಗಲೆಂದು ಆ ಭಾಗವನ್ನು ಆಸಿಡ್‌ನಲ್ಲಿ ಹೆಚ್ಚು ಹೊತ್ತು ಬಿಟ್ಟು, ಮಸಿ ತುಂಬಿ, ಕಾಗದಕ್ಕೆ ಒತ್ತಿದ ಎಚ್ಚಿಂಗ್ ಅದು. ಗುಂಡ್ಲುಪೇಟೆ ಹತ್ತಿರದ ರೆಸಾರ್ಟಿನವರು ಕೊಂಡು ಗೋಡೆಗೆ ಹಾಕಿದರು.

ಒಂದು ದಿನ ಅಲ್ಲಿನ ಮ್ಯಾನೇಜರ್, ತೆರಕಣಾಂಬಿ ಕಡೆಯವನು, ನನ್ನನ್ನು ಕರೆಸಿದ. "ಸಾ, ಬರೀ ಕಾಡು ಮಾಡ್ಬುಟ್ಟಿದ್ದೀರಲ್ಲ, ಉಲಿ ಎಲ್ಲಿ? ಗೆಸ್ಟ್‌ಗಳು ಕೇಳ್ತಾವ್ರೆ. ಒಂದು ಉಲಿ ಸೇರ್ಸಿಕೊಡಿ, ಇಲ್ದಿದ್ರೆ ಇಳಿಸ್ಬುಡ್ತೀನಿ."

ಮೈ ಉರಿದುಹೋಯಿತು. ಕತ್ತಲೊಳಗೆ ಏನಿದೆಯೋ ಗೊತ್ತಾಗದ ದಿಗಿಲೇ ಆ ಚಿತ್ರ ಎಂದು ಅರಚಬೇಕೆನಿಸಿತು. ಆದರೆ ತಣ್ಣಗೆ, "ಹುಲಿ ಅದೆ ಕಣಯ್ಯ, ಆ ಗೀರುಗಳ ಹಿಂದೆ. ತಾಳ್ಮೆ ಇದ್ದೋರಿಗೆ ಮಾತ್ರ ಕಾಣ್ತದೆ" ಎಂದುಬಿಟ್ಟೆ. ಚಿತ್ರ ಗೋಡೆಯಲ್ಲೇ ಉಳಿಯಿತು.

ತಿಂಗಳಾದ ಮೇಲೆ ಹೋದರೆ ಅದರ ಮುಂದೆ ಒಂದು ಗುಂಪು. "ಕಿವಿ ನೋಡ್ರೀ, ಕಿವಿ!"

"ಎಲ್ರೀ? ನನಗೇನೂ ಕಾಣ್ತಿಲ್ಲ!" ಎಂದೆ, ಸಿಟ್ಟಿನಲ್ಲಿ.

ಒಬ್ಬ ಹೆಂಗಸು ಕನಿಕರದಿಂದ ನನ್ನ ತೋಳು ಹಿಡಿದು ಪಕ್ಕಕ್ಕೆ ಸರಿಸಿದರು. "ಮೆಲ್ಲಗೆ ಮಾತಾಡಿ ಸರ್. ನೀವು ಹೀಗೆ ಕಿರುಚಿದರೆ ಅದೆಲ್ಲಿ ನಿಲ್ಲುತ್ತೆ?"

ಇಲ್ಲದ ಕಿವಿ ಕಂಡ ಅಷ್ಟೂ ಜನಕ್ಕೆ, ಕೆಳಗಿದ್ದ ನನ್ನ ಸಹಿ ಮಾತ್ರ ಕಾಣಲಿಲ್ಲ, ನೋಡಿ.