ಬೋರೇಗೌಡರ ಬೇಟೆಗಾರರು

ತಲೆಗೆ ನೀರಿನ ಕ್ಯಾನು ಹಾಕಿಕೊಂಡು ಬೀಡಿ ಸೇದಲು ನೋಡಿದ ಮನುಷ್ಯನೆಂದರೆ ನನಗೆ ತಿಳಿದಂತೆ ಬೋರೇಗೌಡರೊಬ್ಬರೇ. ಅಂಗಡಿಗಳಲ್ಲಿ ಮಗುಚಿ ಇಟ್ಟಿರುತ್ತಾರಲ್ಲ, ಆ ದೊಡ್ಡ ನೀಲಿ ಕ್ಯಾನು. ಅದರ ತಳ ಕೊಯ್ದು, ಅಂಚು ಕುತ್ತಿಗೆಗೆ ಚುಚ್ಚದಂತೆ ಹಳೆಯ ಸೈಕಲ್ ಟ್ಯೂಬು ಸುತ್ತಿ, ಹೊತ್ತಿಸಿದ ಬೀಡಿಯ ಸಮೇತ ತಲೆಯನ್ನು ಒಳಗೆ ತೂರಿಸಿದ್ದರು. ಜಗಲಿಯ ಮೇಲೆ ಕೂತಿದ್ದ ಅವರ ಮುಖ ಹೊಗೆಯೊಳಗೆ ಮೆಲ್ಲಗೆ ಮಾಯವಾಯಿತು. ನಾನು ಓಡಿಹೋಗಿ ಕ್ಯಾನು ಕಿತ್ತೆ.

"ಗೊತ್ತಾಯ್ತು ಕಣ್ಲಾ ಸೈನ್ಸು," ಎಂದರು ಕೆಮ್ಮಿನ ನಡುವೆ, ಕಣ್ಣೀರು ಒರೆಸಿಕೊಳ್ಳುತ್ತ. "ಗುರುವ ಬೀಡಿ ಬುಡ್ಬೇಕು. ಹೊಗೆಸೊಪ್ಪು ಅಗಿಯಾದಾದ್ರೆ ನಡೀತದೆ."

"ಉಗಿಯೋದೆಲ್ಲಿ ದೊಡ್ಡಪ್ಪ?"

ಅವರು ಕ್ಯಾನಿನ ಒಳಗೋಡೆಯನ್ನು ಬೆರಳಿಂದ ಒರೆಸಿ ನೋಡಿ ಗಂಭೀರರಾದರು. "ಅದ್ನ ನಾಳೀಕೆ ನೋಡನ."

ಗುರುವ ನಮ್ಮೂರಿನವನಲ್ಲ. ಭೂಮಿಯವನೂ ಅಲ್ಲ. ಬೋರೇಗೌಡರು ಬರೆಯುತ್ತಿದ್ದ ಬಾಹ್ಯಾಕಾಶದ ಕಾದಂಬರಿಯಲ್ಲಿ ಅವನೊಬ್ಬ ಇನಾಮಿನ ಬೇಟೆಗಾರ; ಆ ಕ್ಯಾನು ಅವನ ಶಿರಸ್ತ್ರಾಣ. ಸರ್ಕಾರ ಯಾವ ಕಳ್ಳನ ತಲೆಗೆ ಬಹುಮಾನ ಕಟ್ಟುತ್ತದೋ ಅವನನ್ನು ಗ್ರಹದಿಂದ ಗ್ರಹಕ್ಕೆ ಅಟ್ಟಿಸಿಕೊಂಡು ಹೋಗಿ ಹಿಡಿಯುವವನು. ಅದೇ ಕಸುಬಿನ ಇನ್ನೊಬ್ಬಳು ಚೌಡಿ. ಇಬ್ಬರೂ ಸೋದರತ್ತೆ, ಸೋದರಮಾವನ ಮಕ್ಕಳು; ಮದುವೆ ಗೊತ್ತಾಗಿ, ದಿಬ್ಬಣದ ನೌಕೆಯಲ್ಲಿ ಮುಂದಿನ ಸೀಟಿಗೆ ಯಾರ ಕಡೆಯವರು ಕೂರಬೇಕೆಂಬ ಜಗಳದಲ್ಲಿ ಅದು ಮುರಿದು, ಆವತ್ತಿನಿಂದ ಬದ್ಧವೈರಿಗಳು. ಇವರಿಬ್ಬರೂ ಹಿಡಿಯಬೇಕಾಗಿದ್ದುದು ಕಾಟಯ್ಯನೆಂಬ ಮುದುಕನನ್ನು. ಅವನು ಮಂಗಳಗ್ರಹದ ನಾಲೆಯ ತೂಬಿನ ಕೀಲಿಕೈ ಕದ್ದು ಓಡಿಹೋಗಿದ್ದ. ಹಿಡಿದವರಿಗೆ ಇನಾಮು ಒಂದು ಸಣ್ಣ ಚಂದ್ರ, ಮತ್ತು ಅದರ ಮೇಲೆ ಕುರಿ ಮೇಯಿಸಿಕೊಳ್ಳುವ ಹಕ್ಕು.

ನಮ್ಮೂರು ಬಿಂಡಿಗನವಿಲೆಯ ಪಕ್ಕದ್ದು. ಮಳೆ ಬಂದರೆ ರಾಗಿ, ಬಾರದಿದ್ದರೆ ಕುರಿ. ಪಾಂಡವಪುರದ ಕಡೆ ಬಸ್ಸಿನಲ್ಲಿ ಹೋಗುವಾಗ ನಾಲೆಯ ನೀರನ್ನು ಕಿಟಕಿಯಿಂದ ನೋಡಿ ಸುಮ್ಮನಾಗುವವರು ನಾವು. ಹಾಗಾಗಿ ತೂಬಿನ ಕೀಲಿಕೈ ಕದ್ದ ಕಳ್ಳನನ್ನು ಕಲ್ಪಿಸಲು ಬೋರೇಗೌಡರಿಗೆ ಕಷ್ಟವಾಗಲಿಲ್ಲ.

ಅರವತ್ತು ದಾಟಿದ ಮೇಲೆ, ಲಾರಿ ಓಡಿಸುವುದನ್ನು ಬಿಟ್ಟು ಎರಡು ಸೀಮೆಹಸು ಕಟ್ಟಿಕೊಂಡ ಮೇಲೆ, ಅವರಿಗೆ ಈ ಹುಚ್ಚು ಹತ್ತಿದ್ದು. ಅವರ ಹೆಂಡತಿ ನಿಂಗಮ್ಮ ದೊಡ್ಡವ್ವ ತಲೆ ಚಚ್ಚಿಕೊಳ್ಳುತ್ತಿದ್ದರು: "ಈ ವಯಸ್ಸಲ್ಲಿ ಮೇಲಿನ ಲೋಕದ ಗ್ಯಾನ ಬಂದ್ರೆ ಎಲ್ರೂ ಭಜ್ನೆ ಮಾಡ್ತಾರೆ, ಇವ್ರು ಕ್ಯಾನ್ ಆಕ್ಕೊತಾರೆ!" ಬೋರೇಗೌಡರದೊಂದೇ ಹಟ: ತಾನು ಮಾಡಿ ನೋಡದ್ದನ್ನು ಬರೆಯಕೂಡದು. ಗುರುವನ ನೌಕೆ ಗೋವಿಂದನಹಳ್ಳಿಯ ಗುಡಿಯ ಹಾಗೆ ಐದು ಕೋಣೆ ಸಾಲಾಗಿರುವಂಥದ್ದು ಎಂದು ತೋರಿದಾಗ, ಕೆ.ಆರ್. ಪೇಟೆಯ ಬಸ್ಸು ಹಿಡಿದು ಅಲ್ಲಿಗೇ ಹೋಗಿ, ಒಂದು ತುದಿಯಿಂದ ಇನ್ನೊಂದು ತುದಿಗೆ ಓಡಿ, ಬೆನ್ನಟ್ಟುವವನಿಗೆ ಎಲ್ಲಿ ಏದುಸಿರು ಬರುತ್ತದೆಂದು ಕಂಡುಕೊಂಡು ಬಂದರು. ಅರ್ಚಕರು ಹರಕೆಯಿರಬೇಕೆಂದುಕೊಂಡು ತೀರ್ಥ ಕೊಟ್ಟರಂತೆ.

ನಾನು ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ ನಾಗಮಂಗಲದ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದೆ. ಅದರಿಂದಲೇ ನಾನು ಅವರಿಗೆ 'ಸೈನ್ಸು'. ನನ್ನ ಹೆಸರನ್ನು ಅವರು ಕೊನೆಯವರೆಗೂ ಕರೆಯಲಿಲ್ಲ. ಅಧ್ಯಾಯ ಮುಗಿಸಿದಾಗಲೆಲ್ಲ ನನಗೆ ಓದಿ ಹೇಳಿ, "ತಪ್ಪಿದ್ರೆ ಹೇಳ್ಲಾ," ಎನ್ನುತ್ತಿದ್ದರು. ಹೇಳಿದರೆ ಕೇಳುತ್ತಿರಲಿಲ್ಲ. "ಸೂರ್ಯನ ಮೇಲೆ ಇಳಿಯೋಕಾಗಲ್ಲ ದೊಡ್ಡಪ್ಪ, ಸುಟ್ಟುಹೋಗ್ತಾರೆ," ಎಂದರೆ, "ನೀನ್ ಓಗಿ ನೋಡಿದ್ದೀಯಾ?" ಎಂಬ ಪ್ರಶ್ನೆ. ಇಲ್ಲವೆಂದರೆ, "ಮತ್ತೆ!"

ಕಾದಂಬರಿಗೆ ಓದುಗರಿರಲಿಲ್ಲ, ಕೇಳುಗರಿದ್ದರು. ಬೆಳಿಗ್ಗೆ ಹಾಲಿನ ಡೇರಿಯ ಮುಂದೆ ಕ್ಯಾನುಗಳನ್ನು ಸಾಲಿಗಿಟ್ಟು ಜನ ಕಟ್ಟೆಯ ಮೇಲೆ ಕೂರುತ್ತಾರೆ. ಅಲ್ಲಿ ಬೋರೇಗೌಡರು ಅಂಗಿಯೊಳಗಿನಿಂದ ಹಾಳೆ ತೆಗೆದು ಓದುತ್ತಿದ್ದರು. ಮೊದಮೊದಲು ನಗುತ್ತಿದ್ದ ಊರು, ಬರಬರುತ್ತ ಎರಡಾಯಿತು. ಹೆಂಗಸರೆಲ್ಲ ಚೌಡಿಯ ಪಕ್ಷ. ಅವರಿಗೆ ನಾಯಕಿ ಜಯಮ್ಮ, ದೊಡ್ಡ ಕುರಿಮಂದೆಯ ಯಜಮಾನಿ, ಟಗರನ್ನು ಕಂಕುಳಲ್ಲಿ ಎತ್ತಿಕೊಂಡು ನಡೆಯುವ ತೋಳಿನವಳು. ಗಂಡಸರೆಲ್ಲ ಗುರುವನ ಪಕ್ಷ. ನಾಯಕ ಸ್ವಾಮಿ, ಗೂಡ್ಸ್ ಆಟೋ ಓಡಿಸುವವನು, ಯಾವ ವಿಷಯಕ್ಕೂ ಮೊದಲು ಮೀಸೆ ತಿರುವುವವನು.

ಒಂದು ದಿನ ಜಯಮ್ಮನ ಕಡೆಯವರು ತಮ್ಮ ಹಾಲನ್ನು ಗುರುವನ ಕಡೆಯವರ ಹಾಲಿನ ಜೊತೆ ಬೆರೆಸಕೂಡದೆಂದು ತಕರಾರು ತೆಗೆದರು. ಡೇರಿಯ ಸೆಕ್ರೆಟರಿ ಕೈ ಮುಗಿದುಬಿಟ್ಟ. "ಚೌಡಿ ಆಲು, ಗುರುವನ ಆಲು ಅಂತ ಬ್ಯಾರೆ ಬ್ಯಾರೆ ತೋರ್ಸೋ ಮಿಷನ್ನು ಇಲ್ಲ ಕಣ್ರವ್ವಾ! ಬೋರಣ್ಣ, ಯಾವಳಾರ ಇಡ್ಕೊಳ್ಲಿ, ಯಾವನಾರ ಇಡ್ಕೊಳ್ಲಿ, ಮುಗ್ಸು ಅತ್ಲಾಗೆ!"

ಊರು ಪೂರ್ತಿ ಹೊಡೆದಾಟಕ್ಕೆ ಇಳಿಯದಿದ್ದುದಕ್ಕೆ ಕಾರಣ ಕಾದಂಬರಿಯೊಳಗಿನ ಒಂದು ಕಾನೂನು. ಚೌಡಿ, ಗುರುವ ಎಷ್ಟೇ ಗುಂಡು ಹಾರಿಸುತ್ತಿರಲಿ, ಒಬ್ಬರು "ಊಟದ ಹೊತ್ತು!" ಎಂದು ಕೂಗಿದರೆ ಇನ್ನೊಬ್ಬರು ತಕ್ಷಣ ಕೋವಿ ಇಳಿಸಬೇಕು. ನೌಕೆಗಳನ್ನು ಪಕ್ಕಪಕ್ಕ ನಿಲ್ಲಿಸಿ, ಮುದ್ದೆ ಹಂಚಿಕೊಂಡು ಉಂಡು, ಕೈ ತೊಳೆದ ಮೇಲೆಯೇ ಮತ್ತೆ ಯುದ್ಧ. ಇದನ್ನು ಡೇರಿಯವರು ತಮಗೂ ಅನ್ವಯಿಸಿಕೊಂಡಿದ್ದರು. ಜಗಳ ಕೈಗೆ ಬಂದಾಗಲೆಲ್ಲ ಯಾರೋ "ಊಟದ ಹೊತ್ತು!" ಎನ್ನುತ್ತಿದ್ದರು, ಎಲ್ಲರೂ ಎದ್ದು ಮನೆಗೆ ಹೋಗುತ್ತಿದ್ದರು, ಬೆಳಗಿನ ಜಾವವಾದರೂ ಸರಿಯೇ.

ಕೊನೆಯ ಅಧ್ಯಾಯ ಉಳಿದಿತ್ತು. ಒಡೆದುಹೋಗಿ ಗಿರಗಿರನೆ ತಿರುಗುತ್ತಿದ್ದ ನೌಕೆಯೊಳಗೆ ಕಾಟಯ್ಯ ಸಿಕ್ಕಿಬಿದ್ದಿದ್ದ. ಎರಡು ಬಾಗಿಲಿಂದ ಇಬ್ಬರೂ ಒಳನುಗ್ಗಿದ್ದರು. ಅಲ್ಲಿಗೆ ಬೋರೇಗೌಡರ ಪೆನ್ನು ನಿಂತಿತು. ಒಂದು ಸಂಜೆ ನನ್ನನ್ನು ಕರೆಸಿಕೊಂಡು ದನಿ ತಗ್ಗಿಸಿ ಹೇಳಿದರು:

"ಎದೆ ಸರಿಯಿಲ್ಲ ಅಂದವ್ರೆ ಕಣ್ಲಾ ಡಾಕ್ಟ್ರು. ಕತೆ ಅರ್ಧಕ್ಕೆ ಬುಟ್ಟು ನಾನು ಹೊಂಟೋದ್ರೆ ಊರೋರು ಒಬ್ಬರ್ನೊಬ್ಬರು ಸಿಗದಾಕ್ಕೊತಾರೆ. ಮುಗುಸ್ಲೇಬೇಕು. ಆದ್ರೆ ತಿರುಗೋ ಕಡೆ ಒಬ್ಬನ್ನ ಎಂಗಿಡೀತಾರೆ? ಯಾರ್ ಮೊದ್ಲು ಇಡೀತಾರೆ? ನಂಗೊತ್ತಿಲ್ವಲ್ಲ!"

"ಊಹಿಸಿ ಬರೀರಿ ದೊಡ್ಡಪ್ಪ."

ನಾನು ಕಳ್ಳನೋಟು ಕೊಟ್ಟವನಂತೆ ಅವರು ನನ್ನನ್ನು ನೋಡಿದರು.

ಹಾಗೆ ಒಂದು ಶನಿವಾರ ಸ್ವಾಮಿಯ ಗೂಡ್ಸ್ ಆಟೋದಲ್ಲಿ ಶ್ರೀರಂಗಪಟ್ಟಣದ ಕಡೆ ಹೊರಟೆವು. ಮುಂದಿನ ಸೀಟಿನಲ್ಲಿ ಕೂರಲು ಜಯಮ್ಮ ಒಪ್ಪಲಿಲ್ಲ. "ಗುರುವನ ಗಾಡೀಲಿ ಮುಂದೆ ಕೂತ್ರೆ ಚೌಡಿಗೆ ಅವಮಾನ," ಎಂದು ಊಟದ ಬುತ್ತಿಯ ಜೊತೆ ಹಿಂದೆ ಕೂತಳು. ಕರಿಘಟ್ಟದ ಕೆಳಗೆ, ಲೋಕಪಾವನಿ ಕಾವೇರಿಗೆ ಸೇರುವಲ್ಲಿ, ತೆಪ್ಪದವನೊಬ್ಬನನ್ನು ಬೋರೇಗೌಡರು ಮೊದಲೇ ಗೊತ್ತುಮಾಡಿದ್ದರು. ತಿರುಗುವ ನೌಕೆಗೆ ತಿರುಗುವ ಹರಿಗೋಲು. ತಾನೇ ಕಾಟಯ್ಯ, ಜಯಮ್ಮ ಚೌಡಿ, ಸ್ವಾಮಿ ಗುರುವ. ನಾನು ಸಾಕ್ಷಿ. ಯಾರು ಮೊದಲು ಹಿಡಿಯುತ್ತಾರೋ ಕಾದಂಬರಿಯಲ್ಲೂ ಅವರೇ ಗೆದ್ದಂತೆ.

ಮಳೆಗಾಲ ಮುಗಿದ ಹೊಸತು, ನೀರು ಕೆಂಪಗೆ ದಪ್ಪಗಿತ್ತು. ನಾನು ಈಜು ಬಾರದವನು. ಬೋರೇಗೌಡರೂ ಅಷ್ಟೇ ಎಂಬುದು ನಡುನೀರಿನಲ್ಲಿ ತಿಳಿಯಿತು.

"ಇನ್ನೂ ತಿರುಗ್ಸಪ್ಪ," ಎಂದರು ತೆಪ್ಪದವನಿಗೆ. ಅವನು ಹುಟ್ಟು ಹಾಕಿ ತಿರುಗಿಸಿದ. ಬೆಟ್ಟ, ಬಂಡೆ, ಬೆಟ್ಟ, ಬಂಡೆ. "ಇನ್ನೂ!" ನನ್ನ ಹೊಟ್ಟೆಯೊಳಗಿನ ಉಪ್ಪಿಟ್ಟು ಬೇರೆ ದಿಕ್ಕಿನಲ್ಲಿ ತಿರುಗತೊಡಗಿತು. ಬೋರೇಗೌಡರು ಎದ್ದು ನಿಂತರು.

"ಕುಕ್ಕರಿಸಿ ಯಜಮಾನ್ರೇ!" ಎಂದು ತೆಪ್ಪದವನು ಕಿರುಚಿದ.

"ಕಾಟಯ್ಯ ಯಾವತ್ತೂ ಕುಕ್ಕರಿಸೋನಲ್ಲ! ಇಡೀರ್ಲಾ ಈಗ!"

ಇಬ್ಬರೂ ಒಟ್ಟಿಗೆ ನುಗ್ಗಿದರು. ಸ್ವಾಮಿಯ ಭುಜ ತಾಗಿ ಹುಟ್ಟು ನೀರಿಗೆ ಹಾರಿತು. ಹರಿಗೋಲು ಒಂದು ಕಡೆಗೆ ವಾಲಿತು. ಬೋರೇಗೌಡರು, ಬಸ್ಸಿನಿಂದ ಇಳಿಯುವವರಷ್ಟು ನಿಧಾನವಾಗಿ, ಅಂಚು ದಾಟಿ ಹೊರಗೆ ಹೋದರು.

ಬಲಗೈ ಜಯಮ್ಮನಿಗೆ ಸಿಕ್ಕಿತು. ಎಡಗೈ ಸ್ವಾಮಿಗೆ. ಹರಿಗೋಲು ಮಗುಚದಿರಲೆಂದು ತೆಪ್ಪದವನು ನನ್ನ ಕತ್ತಿನ ಪಟ್ಟಿ ಹಿಡಿದು ಎದುರು ಅಂಚಿಗೆ ಎಸೆದು, ತಾನೂ ನನ್ನ ಮೇಲೆ ಬಿದ್ದುಕೊಂಡ. ಅಲ್ಲಿಂದ ನಾನು ಕಂಡದ್ದನ್ನು ಈಗಲೂ ಕಾಣುತ್ತಿರುತ್ತೇನೆ. ಹುಟ್ಟಿಲ್ಲದ ಹರಿಗೋಲು ತಿರುಗುತ್ತ ಬಂಡೆಗಳ ಕಡೆಗೆ ತೇಲುತ್ತಿತ್ತು. ಹೊರಗೆ ದೊಡ್ಡಪ್ಪನ ನರೆತ ತಲೆ ಮುಳುಗುತ್ತಿತ್ತು, ಏಳುತ್ತಿತ್ತು.

"ಎಳೀರಿ ಒಳೀಕೆ!" ತೆಪ್ಪದವನು ಅರಚಿದ.

"ಮೊದ್ಲು ಇಡದೋಳು ನಾನು! ನೀನ್ ಬುಡೋ ಸ್ವಾಮಿ, ನಾನೊಬ್ಳೇ ಎಳ್ಕೊತೀನಿ!"

"ಯಾಕ್ ಬುಡ್ಲಿ ಜಯಕ್ಕ? ಕೈ ತಗಲಿದ್ದು ನಂದು ಮೊದ್ಲು! ಅಣ್ಣ, ನೀನೇ ಹೇಳಣ್ಣ!"

ಅಣ್ಣ ನೀರೊಳಗಿದ್ದ. ಎದ್ದಾಗ, "ಬುಡಬ್ಯಾಡ್ರಲಾ!" ಎಂದಷ್ಟೇ ಹೇಳಿ ಮತ್ತೆ ಮುಳುಗಿದ. ಒಬ್ಬಳು ತನ್ನ ಕಡೆಗೆ ಎಳೆದರೆ ಇನ್ನೊಬ್ಬ ತನ್ನ ಕಡೆಗೆ. ಎರಡೂ ಬಲ ಸಮ, ದಿಕ್ಕು ವಿರುದ್ಧ, ಫಲ ಸೊನ್ನೆ. ಇದನ್ನು ನಾನು ವರ್ಷವರ್ಷವೂ ಬೋರ್ಡಿನ ಮೇಲೆ ಬಾಣ ಎಳೆದು ಮಕ್ಕಳಿಗೆ ಕಲಿಸುತ್ತೇನೆ. ಆ ಸೊನ್ನೆಯ ಜಾಗದಲ್ಲಿ ಒಬ್ಬ ಮನುಷ್ಯ ಸಾಯುತ್ತಿದ್ದುದನ್ನು ಆವತ್ತು ನೋಡಿದೆ. "ಇಬ್ಬರೂ ಎಳೀರಿ!" ಎಂದು ಕೂಗಿದೆನೆಂದು ನನ್ನ ನಂಬಿಕೆ. ಬಾಯಿಂದ ಬಂದದ್ದು ಉಪ್ಪಿಟ್ಟು ಮಾತ್ರ ಎಂದು ತೆಪ್ಪದವನು ಆಮೇಲೆ ಹೇಳಿದ.

ಬಂಡೆ ಕೈಗೆಟಕುವಷ್ಟು ಹತ್ತಿರವಾಯಿತು. ಆಗ ಬೋರೇಗೌಡರ ತಲೆ ಇನ್ನೊಮ್ಮೆ ಮೇಲೆದ್ದಿತು. ಮೂಗುಬಾಯಿಂದ ಕಾವೇರಿಯನ್ನು ಹೊರಗೆ ಬಿಟ್ಟು, ಇದ್ದ ಉಸಿರನ್ನೆಲ್ಲ ಒಟ್ಟುಮಾಡಿ ಕೂಗಿದರು:

"ಊಟದ ಹೊತ್ತೂ!"

ಜಗಳ ಅಲ್ಲೇ ನಿಂತಿತು. ಜಯಮ್ಮ ಸ್ವಾಮಿಯನ್ನು ನೋಡಿದಳು, ಸ್ವಾಮಿ ಜಯಮ್ಮನನ್ನು ನೋಡಿದ. "ಎತ್ಲಾ," ಎಂದಳು. "ಎತ್ತಕ್ಕ," ಎಂದ. ಇಬ್ಬರೂ ಸೇರಿ ಒಂದೇ ಎಳೆತಕ್ಕೆ ಅವರನ್ನು ಒಳಗೆ ಹಾಕಿಕೊಂಡರು. ಮರುಕ್ಷಣವೇ ಬಂಡೆಗೆ ಬಡಿದೆವು. ಬಿದಿರು ಲಟಕ್ಕೆಂದಿತು, ಆದರೆ ನಿಂತೆವು. ಬಂಡೆಯಿಂದ ಬಂಡೆಗೆ ದಾಟಿ ದಡ ಸೇರಿ, ಜಯಮ್ಮನ ಬುತ್ತಿ ಬಿಚ್ಚಿ, ಮುದ್ದೆ ಮುರಿದು ಎಲ್ಲರೂ ಉಂಡೆವು. ಬೋರೇಗೌಡರು ತುತ್ತಿನ ನಡುವೆ ನನ್ನ ಕಡೆ ತಿರುಗಿ, "ಇಬ್ರೂ ಮಾತಾಡ್ಕೊಂಡ್ರೇ ಹೊರ್ತು ಕಾಟಯ್ಯನ್ನ ಒಬ್ರೂ ಒಂದ್ ಮಾತ್ ಕೇಳ್ಳಿಲ್ಲ ಕಣ್ಲಾ, ಗಮನಿಸ್ದಾ?" ಎಂದರು.

ಕೊನೆಯ ಅಧ್ಯಾಯವನ್ನು ಆ ವಾರವೇ ಡೇರಿಯಲ್ಲಿ ಓದಿದರು. ಚೌಡಿ ಒಂದು ಕೈ ಹಿಡಿದಳು, ಗುರುವ ಇನ್ನೊಂದು ಕೈ ಹಿಡಿದ, ಕಾಟಯ್ಯ "ಊಟದ ಹೊತ್ತು" ಎಂದ. ಮೂವರೂ ಉಣ್ಣಲು ಕೂತರು. ಮುಗಿಯಿತು. ಊರು ರೇಗಿತು. ಚಂದ್ರ ಯಾರಿಗೆ? ಉಂಡ ಮೇಲೆ ಏನಾಯಿತು?

"ಕೈ ತೊಳೀಲಿ ತಡೀರ್ಲಾ," ಎಂದರು ಬೋರೇಗೌಡರು, ಹಾಳೆ ಮಡಿಸುತ್ತ. ಆಮೇಲೆ ಯಾರು ಎಷ್ಟು ಪೀಡಿಸಿದರೂ ಅದೇ ಉತ್ತರ. "ಇನ್ನೂ ಉಣ್ತಾವ್ರೆ."

ನಾನು ಮಾತ್ರ ಸರಿಹೋಗಲಿಲ್ಲ. ರುಬ್ಬುವ ಗ್ರೈಂಡರಿನ ಎದುರು ನಿಲ್ಲಲಾರೆ. ತರಗತಿಯಲ್ಲಿ ವೃತ್ತೀಯ ಚಲನೆಯ ಪಾಠ ಬಂದರೆ ಮೇಜು ಹಿಡಿದುಕೊಳ್ಳುತ್ತೇನೆ. ಕಾಫಿಗೆ ಸಕ್ಕರೆ ಹಾಕಿ ಕದಡುವಾಗ ಲೋಟದ ನಡುವಿನ ಸುಳಿಯಲ್ಲಿ ಒಂದು ನರೆತ ತಲೆ ಏಳುತ್ತದೆ. ಇದನ್ನು ಅವರಿಗೆ ಹೇಳಿದಾಗ ತುಂಬ ಸಂತೋಷಪಟ್ಟು, "ಸಕ್ರೆ ಇಲ್ದೆ ಕುಡಿ," ಎಂದಿದ್ದರು.

ಮುಂದಿನ ಬೇಸಗೆಯಲ್ಲಿ ಅವರ ಎದೆ ಕೈಕೊಟ್ಟಿತು. ನಾನು ನಾಗಮಂಗಲದ ಆಸ್ಪತ್ರೆಗೆ ಹೋದಾಗ ಮಂಚದ ಒಂದು ಪಕ್ಕ ಜಯಮ್ಮ ಬಲಗೈ ಹಿಡಿದು ಕೂತಿದ್ದಳು. ಇನ್ನೊಂದು ಪಕ್ಕ ಸ್ವಾಮಿ ಎಡಗೈ ಹಿಡಿದು ಕೂತಿದ್ದ. ಕಾಲ ಬಳಿ ನಿಂಗಮ್ಮ ದೊಡ್ಡವ್ವ, ಅವರ ಮಡಿಲಲ್ಲಿ ಟಿಫಿನ್ ಕ್ಯಾರಿಯರು. ಬಾಯಿಗೆ ಹಾಕಿದ್ದ ಆಮ್ಲಜನಕದ ಪ್ಲಾಸ್ಟಿಕ್ ಮುಸುಕನ್ನು ಬೋರೇಗೌಡರು ಗಲ್ಲಕ್ಕೆ ಜಾರಿಸಿಕೊಂಡು, "ನನ್ ಕ್ಯಾನೇ ವಾಸಿಯಾಗಿತ್ತು," ಎಂದರು. ನಕ್ಕೆವು. ಉಸಿರು ಸುಧಾರಿಸಿಕೊಳ್ಳಲು ಅವರಿಗೆ ಬಹಳ ಹೊತ್ತು ಬೇಕಾಯಿತು.

"ಸೈನ್ಸು, ಊಟದ ಹೊತ್ತಾಯ್ತೇನ್ಲಾ?"

"ಆಯ್ತು ದೊಡ್ಡಪ್ಪ."

ಅವರು ಆ ಕಡೆ ನೋಡಿದರು, ಈ ಕಡೆ ನೋಡಿದರು. ಎರಡು ಕೈಯನ್ನೂ ಮೆಲ್ಲಗೆ ಕೊಡವಿದರು.

"ಮತ್ತೆ ಬುಡ್ರಲಾ. ಊಟದ ಹೊತ್ತು."

ಜಯಮ್ಮ ತಲೆ ತಗ್ಗಿಸಿದಳು. "ನಂಗೆ ಅಸಿವಿಲ್ಲ ಮಾವ."

ಸ್ವಾಮಿ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡ. "ನಂಗೂ ಇಲ್ಲ ಕಣಣ್ಣ."

ಕಾನೂನು ಮುರಿದವರನ್ನು ಬೋರೇಗೌಡರು ಒಂದಿಷ್ಟು ಹೊತ್ತು ನೋಡುತ್ತಿದ್ದು, ಕಣ್ಣು ಮುಚ್ಚಿಕೊಂಡರು. ದೊಡ್ಡವ್ವನ ಮಡಿಲಲ್ಲಿದ್ದ ಕ್ಯಾರಿಯರಿನ ಮುಚ್ಚಳವನ್ನು ಆವತ್ತು ಯಾರೂ ತೆಗೆಯಲಿಲ್ಲ.