ಸಿಡುಕ ನೋಡದ ಕಡೆ

ಕೆರೆಯಲ್ಲಿ ಹಕ್ಕಿ ತೋರಿಸುವ ದೋಣಿಯವನನ್ನು ಎಲ್ಲರೂ ಕರೆಯುತ್ತಿದ್ದದ್ದು ಸಿಡುಕ ಎಂದು. ಆ ಹೆಸರಿಗೆ ಅವನು ಒಂದು ದಿನವೂ ಮೋಸ ಮಾಡಿದವನಲ್ಲ. ತೆರೆದ ನೀರಿನಲ್ಲಿ ಬಾತು, ಕೆಸರುದಂಡೆಯಲ್ಲಿ ಗೊರವ, ಮುಳ್ಳುಪೊದೆಯಲ್ಲಿ ಗೀಜಗ ಎಂದು ಇಪ್ಪತ್ತೆಂಟು ವರ್ಷ ತೋರಿಸಿದ್ದ. ದೋಣಿಯಲ್ಲಿ ಯಾರಾದರೂ ಕೆಮ್ಮಿದರೂ ಬೈಗುಳ ತಿಂದೇ ಇಳಿಯಬೇಕಿತ್ತು. ಆದರೆ ಮೊಟ್ಟೆಯಿದ್ದ ಗೂಡನ್ನು ಮಾತ್ರ ಅವನು ಯಾರಿಗೂ ತೋರಿಸುತ್ತಿರಲಿಲ್ಲ. ಅಂಥ ಕಡೆ ತಾನೂ ತಲೆಯೆತ್ತಿ ನೋಡುತ್ತಿರಲಿಲ್ಲ, ಏಕೆಂದರೆ ಅವನ ಕಣ್ಣು ಹೋದ ಕಡೆ ಜನರ ಕಣ್ಣೂ ಹೋಗುತ್ತಿತ್ತು.

ಈ ವಿದ್ಯೆಯನ್ನು ಹೆಂಡತಿಯ ತಮ್ಮನಿಗೂ ಕಲಿಸಿದ. ಹಾವಿಗೆ ಹಾಲೆರೆದಂತಾಯಿತು. ಎರಡೇ ವರ್ಷಕ್ಕೆ ಭಾಮೈದ ಮೋಟಾರು ದೋಣಿ ತಂದು, 'ಗೂಡು, ಮೊಟ್ಟೆ ಗ್ಯಾರಂಟಿ' ಎಂದು ದಂಡೆಯಲ್ಲಿ ಬೋರ್ಡು ನೆಟ್ಟ. ಅಂದಿನಿಂದ ಅವನು ಅಕ್ಕನ ಮನೆಗೆ ಬಂದರೆ ಸಿಡುಕ ತಟ್ಟೆ ಎತ್ತಿಕೊಂಡು ಹಿತ್ತಿಲಿಗೆ ಹೋಗುತ್ತಿದ್ದ.

ಹನ್ನೊಂದು ವರ್ಷ ಕಾಣದಿದ್ದ ಕೆಂಗತ್ತಿನ ಬಕದ ಜೋಡಿ ಆ ವರ್ಷ ಬಡಗಣ ಜೊಂಡಿನಲ್ಲಿ ಗೂಡು ಕಟ್ಟಿ ಮೂರು ಮೊಟ್ಟೆ ಇಟ್ಟಿತು. ಸಿಡುಕ ಹೆಂಡತಿಗೂ ಹೇಳಲಿಲ್ಲ. ಏಳನೆಯ ಬೆಳಿಗ್ಗೆ ಮೋಟಾರಿನ ಸದ್ದು ನೇರ ಆ ಜೊಂಡಿಗೇ ನುಗ್ಗಿತು. ಇವನು ಹುಟ್ಟು ಹಾಕಿ ತಲುಪುವಷ್ಟರಲ್ಲಿ ಅಲೆಗೆ ಗೂಡು ಮಗುಚಿ, ಮೊಟ್ಟೆಗಳು ನೀರುಪಾಲಾಗಿದ್ದವು.

"ಯಾರೋ ಹೇಳಿದ್ದು ನಿನಗೆ?"

"ನೀವೇ ಭಾವ. ಒಂದು ವಾರದಿಂದ ಕೆರೆಯೆಲ್ಲಾ ನೋಡ್ತೀರಿ, ಈ ಜೊಂಡಿನ ಕಡೆ ಮಾತ್ರ ತಿರುಗೋದೇ ಇಲ್ಲ. ನೀವು ಕಲಿಸಿದ್ದೇ ತಾನೇ?"

ಸಿಡುಕನ ಬೈಗುಳವೆಲ್ಲ ಅಂದು ತನ್ನ ಮೇಲೇ ತಿರುಗಿತು. ಭಾಮೈದನ ಮೇಲಿನ ಸಿಟ್ಟಿಗಿಂತ ತನ್ನ ಮೇಲಿನ ಸಿಟ್ಟೇ ಹೆಚ್ಚಾಗಿ ಸುಟ್ಟಿತು.

ಮರುವರ್ಷ ಅದೇ ಜೋಡಿ ತೆಂಕಣ ಜೊಂಡಿಗೆ ಬಂತು. ಸಿಡುಕ ದಿನಾ ಬೆಳಿಗ್ಗೆ ಎಲ್ಲರೆದುರೇ ದುರ್ಬೀನು ಎತ್ತಿ ಆ ಗೂಡಿನ ಕಡೆಗೇ ಹಿಡಿದ. ಹಕ್ಕಿಯ ಗರಿಯೂ ಇಲ್ಲದ ಪಡುವಣ ಕೆಸರಿಗೆ ಮಾತ್ರ ಬೆನ್ನು ತಿರುಗಿಸಿಯೇ ಕೂತ.

ಎಂಟನೆಯ ದಿನ ಭಾಮೈದನ ದೋಣಿ ಒಂಬತ್ತು ಜನರ ಸಮೇತ ಪಡುವಣ ಕೆಸರಿಗೆ ನುಗ್ಗಿ ಹೂತುಕೊಂಡಿತು. ಬಿಸಿಲು ನೆತ್ತಿಗೇರಿತು. ಕುಡಿಯಲು ತಂದ ನೀರು ಮುಗಿಯಿತು. ಬಂದವರು ಅವನ ಜನ್ಮ ಜಾಲಾಡುತ್ತಿದ್ದರು.

"ಭಾವಾ! ತಪ್ಪಾಯ್ತು, ಒಂದು ಹಗ್ಗ ಎಸೀರಿ!"

ತುಸು ದೂರದಲ್ಲೇ ತನ್ನ ದೋಣಿಯಲ್ಲಿ ಬೆನ್ನು ತಿರುಗಿಸಿ ಕೂತಿದ್ದ ಸಿಡುಕನಿಗೆ ಸ್ಪಷ್ಟವಾಗಿ ಕೇಳಿಸಿತು. ಹಗ್ಗ ಕಾಲ ಬಳಿಯೇ ಇತ್ತು. ಅವನು ಆ ಕಡೆ ನೋಡಲಿಲ್ಲ.